ಸ್ಯಾಡಲ್ ಬ್ಯಾಗ್ ವಿಮರ್ಶೆ: ಓಡಿಸುವಾಗ ಬೀಳಬಾರದು, ನಿಲ್ಲಿಸಿದಾಗ ಕಳುವಾಗಬಾರದು

ಸ್ಯಾಡಲ್ ಬ್ಯಾಗಿನ ವಿಮರ್ಶೆ ಅಂದರೆ ಎಲ್ಲರೂ ಎಷ್ಟು ಲೀಟರ್ ಹಿಡಿಯುತ್ತದೆ, ಮಳೆಯಲ್ಲಿ ಒಳಗೆ ನೀರು ಬರುತ್ತದಾ ಇಲ್ವಾ ಅಂತ ಬರೆಯುತ್ತಾರೆ. ಅದೂ ಬೇಕು. ಆದರೆ ದುಡ್ಡು ಕೊಟ್ಟು ತಂದ ಮೇಲೆ ದಿನಾ ಕಾಡುವ ಪ್ರಶ್ನೆಗಳು ಬೇರೆ. ಹಳ್ಳ ಹಾರಿಸಿದಾಗ ಬ್ಯಾಗ್ ಬೈಕಿನ ಮೇಲೇ ಇರುತ್ತಾ? ಬೈಕ್ ನಿಲ್ಲಿಸಿ ಒಳಗೆ ಹೋಗಿ ಬರುವಷ್ಟರಲ್ಲಿ ಯಾರಾದರೂ ಎತ್ತಿಕೊಂಡು ಹೋಗಿರುತ್ತಾರಾ? ಈ ಎರಡನ್ನೇ ಇಟ್ಟುಕೊಂಡು ನಾನು ಬಳಸಿದ ಸಾಮಾನುಗಳ ಬಗ್ಗೆ ಬರೆಯುತ್ತಿದ್ದೇನೆ. ಸೀಟಿನ ಮೇಲೆ ಇಳಿಬಿಡುವ ಬಟ್ಟೆಯ ಬ್ಯಾಗ್ ಜೋಡಿ, ಅದಕ್ಕೆ ಪಕ್ಕದ ಕಬ್ಬಿಣದ ಫ್ರೇಮ್, ಉಕ್ಕಿನ ಕೇಬಲ್ ಲಾಕ್, ಉಕ್ಕಿನ ಬಲೆ, ಒಳಗೆ ತಂತಿ ಇರುವ ಲಾಕ್ ಪಟ್ಟಿ. ಹೋಲಿಸಿ ನೋಡೋಕೆ ಗಟ್ಟಿ ಪೆಟ್ಟಿಗೆಯ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ.

ಮೊದಲೇ ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಬ್ಯಾಗ್ ಗಟ್ಟಿಯಾಗಿ ನಿಲ್ಲಿಸುವುದು ಒಂದು ಕೆಲಸ, ಕಳ್ಳನನ್ನು ತಡೆಯುವುದು ಇನ್ನೊಂದು ಕೆಲಸ. ಒಂದೇ ಪಟ್ಟಿ ಎರಡನ್ನೂ ಮಾಡುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಸ್ವಲ್ಪ ಅನುಮಾನದಿಂದಲೇ ನೋಡಿ. ದುಡ್ಡು ಒಂದಕ್ಕೇ ಸಾಕಾಗುತ್ತದೆ ಅನ್ನುವುದಾದರೆ ಮೊದಲು ಫ್ರೇಮಿಗೆ ಹಾಕಿ. ಯಾಕಂದರೆ ಕದ್ದುಹೋದರೆ ಹೋಗುವುದು ಸಾಮಾನು. ಓಡುವಾಗ ಬ್ಯಾಗ್ ಕಳಚಿ ಚಕ್ರಕ್ಕೆ ಸಿಕ್ಕರೆ ಹೋಗುವುದು ಜೀವ.

ಬ್ಯಾಗಿನಿಂದಲೇ ಶುರು ಮಾಡೋಣ. ಹೇರೆತ್ತಿನ ಬೆನ್ನ ಮೇಲೆ ಎರಡೂ ಕಡೆ ಚೀಲ ಇಳಿಬಿಟ್ಟ ಹಾಗೆ ಸೀಟಿನ ಆಚೆ ಈಚೆ ಕೂರುವ ಬ್ಯಾಗ್ ಇದು. ಮಧ್ಯದಲ್ಲಿ ಎರಡು ಅಗಲ ವೆಲ್ಕ್ರೋ ಪಟ್ಟಿಗಳು, ಪ್ರತಿ ಬ್ಯಾಗಿಗೂ ಮುಂದೊಂದು ಹಿಂದೊಂದು ಬಿಗಿಯುವ ಪಟ್ಟಿ. ವೆಲ್ಕ್ರೋ ಅಂದರೆ ತುಂಬಾ ಜನ ಮೂಗು ಮುರಿಯುತ್ತಾರೆ. ನನಗೆ ಹಾಗನಿಸಿಲ್ಲ. ಎರಡು ಮುಖಗಳು ಪೂರ್ತಿ ಅಗಲಕ್ಕೆ ಒಂದರ ಮೇಲೊಂದು ಕೂತಿದ್ದರೆ, ಉದ್ದಕ್ಕೆ ಎಳೆದಾಗ ಅದು ಚೆನ್ನಾಗಿಯೇ ಹಿಡಿಯುತ್ತದೆ. ಅದು ಸೋಲುವುದು ಅಂಚಿನಿಂದ ಮೇಲಕ್ಕೆ ಎಬ್ಬಿಸಿದಾಗ. ಜೊತೆಗೆ ಕೆಸರು, ಧೂಳು, ಬಟ್ಟೆಯ ನೂಲು ಕೊಕ್ಕೆಗಳಲ್ಲಿ ತುಂಬಿದರೆ ಹಿಡಿತ ಕಡಿಮೆಯಾಗುತ್ತಾ ಬರುತ್ತದೆ. ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಆಗಾಗ ಉಜ್ಜಿ ತೆಗೆದರೆ ಸಾಕು. ಆದರೆ ಎರಡು ಬೆರಳಷ್ಟು ಮಾತ್ರ ಅಂಟಿಕೊಳ್ಳುವ ಹಾಗೆ ಪಟ್ಟಿಯನ್ನು ಉದ್ದ ಬಿಟ್ಟು ಓಡಿಸಬೇಡಿ. ಬ್ಯಾಗ್ ಕೆಳಗೆ ಇಳಿಯಲಿ ಅಂತ ಹಾಗೆ ಮಾಡುವವರನ್ನು ನೋಡಿದ್ದೇನೆ.

ಈ ಬ್ಯಾಗಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಮಧ್ಯದ ಪಟ್ಟಿ ಸೀಟಿನ ಮೇಲಲ್ಲ, ಸೀಟಿನ ಅಡಿಯಲ್ಲಿ ಹಾದು ಹೋಗುವಷ್ಟು ತೆಳ್ಳಗಿದೆ ಅನ್ನೋದು. ಹಿಂದಿನ ಸೀಟು ಕೀಲಿ ಹಾಕಿ ತೆಗೆಯುವಂಥ ಬೈಕ್ ನಿಮ್ಮದಾಗಿದ್ದರೆ ಇದೊಂದು ದೊಡ್ಡ ಅನುಕೂಲ. ಪಟ್ಟಿ ಸೀಟಿನ ಅಡಿಗೆ ಹೋಯಿತು ಅಂದರೆ ಸೀಟಿನ ಲಾಕೇ ಬ್ಯಾಗಿನ ಲಾಕ್ ಆಗುತ್ತದೆ. ಸುಮ್ನೆ ಎತ್ತಿ ಹೆಗಲಿಗೆ ಹಾಕಿಕೊಂಡು ಹೋಗೋಕೆ ಆಗಲ್ಲ. ಕೂರುವವರಿಗೂ ಅಡಿಯಲ್ಲಿ ಗಂಟು ಒತ್ತುವುದಿಲ್ಲ. ಆದರೆ ಒಂದು ಎಚ್ಚರಿಕೆ. ದಪ್ಪ ಪಟ್ಟಿ ಸಿಕ್ಕಿಸಿದರೆ ಸೀಟಿನ ಕೊಂಡಿ ಪೂರ್ತಿ ಕೂರುವುದಿಲ್ಲ, ಕೂತ ಹಾಗೆ ಕಾಣುತ್ತದೆ ಅಷ್ಟೆ. ಸೀಟು ಒತ್ತಿದಾಗ ಟಕ್ ಅಂತ ಸದ್ದು ಬರಬೇಕು, ಆಮೇಲೆ ಕೈಯಿಂದ ಮೇಲಕ್ಕೆ ಜಗ್ಗಿದರೂ ಏಳಬಾರದು. ಪಟ್ಟಿಯ ಕೆಳಗೆ ವೈರು ಅಥವಾ ಬ್ಯಾಟರಿಯ ತುದಿ ಒತ್ತಿಕೊಂಡಿಲ್ಲ ಅಂತಲೂ ನೋಡಿಕೊಳ್ಳಿ.

ಇನ್ನು ಮುಂದಿನ ಹಿಂದಿನ ಪಟ್ಟಿಗಳು. ಬ್ಯಾಗ್ ಜಾರುವುದು ಇಲ್ಲೇ ನಿಲ್ಲಬೇಕು. ಬ್ರೇಕ್ ಹಾಕಿದಾಗ ಬ್ಯಾಗ್ ಮುಂದಕ್ಕೆ ಹೋಗುತ್ತದೆ, ವೇಗ ಏರಿಸಿದಾಗ ಹಿಂದಕ್ಕೆ. ಒಂದೇ ಕಡೆಗೆ ಬಿಗಿದರೆ ಅರ್ಧ ಕೆಲಸ ಮಾತ್ರ. ಮುಂದಿನ ಪಟ್ಟಿ ಹಿಂದೆ ಕೂರುವವರ ಕಾಲಿಡುವ ಫುಟ್‌ಪೆಗ್‌ನ ಬ್ರಾಕೆಟ್ಟಿಗೆ ಹೋಗಬೇಕು, ಮಡಚುವ ಪೆಗ್ಗಿಗೆ ಅಲ್ಲ. ಹಿಂದಿನದು ಹಿಂದೆ ಕೂತವರು ಹಿಡಿಯುವ ಗ್ರ್ಯಾಬ್ ರೈಲಿಗೆ ಅಥವಾ ಸೀಟನ್ನು ಹೊತ್ತಿರುವ ಸಬ್‌ಫ್ರೇಮಿನ ಪೈಪಿಗೆ. ಎರಡೂ ಪಟ್ಟಿ ಬ್ಯಾಗನ್ನು ಸ್ವಲ್ಪ ಕೆಳಕ್ಕೂ ಎಳೆಯುವ ಹಾಗಿದ್ದರೆ ಹಳ್ಳದಲ್ಲಿ ಬ್ಯಾಗ್ ಮೇಲಕ್ಕೆ ಜಿಗಿಯುವುದಿಲ್ಲ. ಇಂಡಿಕೇಟರ್ ಕಡ್ಡಿಗೆ, ನಂಬರ್ ಪ್ಲೇಟಿಗೆ, ಸೈಲೆನ್ಸರಿಗೆ ಕಟ್ಟುವುದು ಬೇಡವೇ ಬೇಡ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್‌ಗಂತೂ ಯಾವ ಕಾರಣಕ್ಕೂ ಕಟ್ಟಬಾರದು. ಚಕ್ರದ ಜೊತೆ ಅದು ಮೇಲೆ ಕೆಳಗೆ ಆಡುತ್ತಿರುತ್ತದೆ, ಬ್ಯಾಗ್ ಮಾತ್ರ ಸೀಟಿನ ಜೊತೆ ಇರುತ್ತದೆ. ಹಾಗಾಗಿ ಪ್ರತಿ ಹಳ್ಳಕ್ಕೂ ಪಟ್ಟಿ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲಾಗಿ, ಕೊನೆಗೆ ಬಕಲ್ ಜಾರುತ್ತದೆ ಅಥವಾ ಹೊಲಿಗೆ ಕಿತ್ತು ಬರುತ್ತದೆ.

ಪಟ್ಟಿಯ ಮಿಕ್ಕ ತುದಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಬಿಗಿದ ಮೇಲೆ ಉಳಿಯುವ ಗೇಣುದ್ದದ ತುದಿ ನಿಂತ ಬೈಕಿನಲ್ಲಿ ಕೆಳಗೆ ನೇತಾಡುತ್ತದೆ, ಏನೂ ಅನಿಸುವುದಿಲ್ಲ. ಓಡುವಾಗ ಗಾಳಿಗೆ ಅದು ಎತ್ತ ಬೇಕಾದರೂ ಹಾರುತ್ತದೆ. ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಸಿಕ್ಕರೆ ಪಟ್ಟಿ ಒಳಕ್ಕೆ ಎಳೆದುಕೊಂಡು ಹೋಗಿ ಹಿಂದಿನ ಚಕ್ರ ನಿಂತುಬಿಡಬಹುದು. ಕಡ್ಡಿ ಚಕ್ರದಲ್ಲಿ ಸಿಕ್ಕರೂ ಅದೇ ಕಥೆ. ನಾನು ಬಳಸಿದ ಬ್ಯಾಗಿಗೆ ಪ್ರತಿ ಪಟ್ಟಿಯಲ್ಲೂ ಒಂದು ಎಲಾಸ್ಟಿಕ್ ಉಂಗುರ ಕೊಟ್ಟಿದ್ದಾರೆ, ತುದಿಯನ್ನು ಸುತ್ತಿ ಅದರೊಳಗೆ ತೂರಿಸಬಹುದು. ಒಳ್ಳೆಯ ಯೋಚನೆ, ಆದರೆ ಎಲಾಸ್ಟಿಕ್ ಬಿಸಿಲಿಗೆ ಬೇಗ ಜೋತುಬೀಳುತ್ತದೆ. ಈಗ ಅದರ ಮೇಲೆ ಒಂದು ಸುತ್ತು ವೆಲ್ಕ್ರೋ ಹಾಕುತ್ತೇನೆ. ನಿಮ್ಮ ಬೈಕಿಗೆ ಎಷ್ಟು ಉದ್ದ ಬೇಕು ಅಂತ ಖಚಿತವಾದ ಮೇಲೆ ಮಿಕ್ಕಿದ್ದನ್ನು ಕತ್ತರಿಸಿ, ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ ಸೀಲ್ ಮಾಡಿದರೆ ಇನ್ನೂ ನೆಮ್ಮದಿ. ಕತ್ತರಿಸುವಾಗ ಬ್ಯಾಗ್ ಪೂರ್ತಿ ತುಂಬಿರಲಿ, ಖಾಲಿ ಬ್ಯಾಗಿನ ಅಳತೆ ಸಾಲುವುದಿಲ್ಲ.

ಪಟ್ಟಿ ಯಾವ ನೂಲಿನದು ಅಂತ ಲೇಬಲ್ ಓದಿ. ನೈಲಾನ್ ಗಟ್ಟಿ, ಆದರೆ ನೀರು ಹೀರಿ ಸ್ವಲ್ಪ ಹಿಗ್ಗುತ್ತದೆ. ಒಣಗಿದ್ದಾಗ ಬಿಗಿದ ಬ್ಯಾಗ್ ಮಳೆ ಬಂದ ಮೇಲೆ ಸಡಿಲಾಗುವುದಕ್ಕೆ ಇದೂ ಒಂದು ಕಾರಣ. ಪಾಲಿಯೆಸ್ಟರ್ ಪಟ್ಟಿ ಅಷ್ಟು ಹಿಗ್ಗುವುದಿಲ್ಲ, ಬಿಸಿಲನ್ನೂ ಹೆಚ್ಚು ತಾಳುತ್ತದೆ. ಬಿಗಿಯುವ ಪಟ್ಟಿಗೆ ನನ್ನ ಮತ ಪಾಲಿಯೆಸ್ಟರಿಗೆ. ಬಕಲ್ ವಿಚಾರದಲ್ಲಿ ಲೋಹದ ಕ್ಯಾಮ್ ಬಕಲ್ ಮುಂದೆ ಬೇರೆ ಯಾವುದೂ ಇಲ್ಲ. ಹಲ್ಲಿರುವ ನಾಲಗೆ ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ, ಎಳೆದಷ್ಟೂ ಬಿಗಿ. ಎರಡು ಕಡೆ ಒತ್ತಿದರೆ ಬಿಚ್ಚಿಕೊಳ್ಳುವ ಪ್ಲಾಸ್ಟಿಕ್ ಬಕಲ್ ಬಳಸೋಕೆ ಸುಲಭ, ಅಷ್ಟೇ ಸುಲಭ ಕಳ್ಳನಿಗೂ. ಒಂದು ಕಂಪನಿಯ ಬ್ಯಾಗಿನಲ್ಲಿ ಈ ಪ್ಲಾಸ್ಟಿಕ್ ಬಕಲ್ ಚಳಿಯ ಬೆಳಗಿನಲ್ಲಿ ಒತ್ತಿದ ಕೂಡಲೇ ಒಂದು ಕಿವಿ ಮುರಿದು ಕೈಗೆ ಬಂತು. ಬದಲಿ ಬಕಲ್ ಹೊಲಿಗೆ ಬಿಚ್ಚದೆ ಹಾಕುವ ಹಾಗೇ ಇರಲಿಲ್ಲ. ಕೊಳ್ಳುವ ಮುಂಚೆ ಇದನ್ನೂ ನೋಡಿ. ಬಕಲ್ ಮುರಿದರೆ ಹೊಲಿಗೆ ಮುಟ್ಟದೆ ಬದಲಿಸಬಹುದಾ ಅಂತ.

ಈಗ ಫ್ರೇಮಿಗೆ ಬರುತ್ತೇನೆ. ಸ್ಯಾಡಲ್ ಸ್ಟೇ ಅಂತಾರೆ, ಪ್ಯಾನಿಯರ್ ರಾಕ್ ಅಂತಲೂ ಅಂತಾರೆ. ಚಕ್ರದ ಎರಡೂ ಬದಿಗೆ ಸುತ್ತಿ ಬರುವ ಪೈಪ್, ಸಾಮಾನ್ಯವಾಗಿ 16 ಅಥವಾ 18 ಮಿಲಿಮೀಟರ್ ದಪ್ಪ. ಇದು ಬಂದ ಮೇಲೆ ಬ್ಯಾಗಿನ ನಡವಳಿಕೆಯೇ ಬದಲಾಯಿತು. ಮುಂಚೆ ತಿರುವಿನಲ್ಲಿ ಬ್ಯಾಗಿನ ಕೆಳಗಿನ ಮೂಲೆ ಚಕ್ರದ ಕಡೆಗೆ ವಾಲುತ್ತಿತ್ತು, ಈಗ ಒರಗಿಕೊಳ್ಳೋಕೆ ಒಂದು ಗೋಡೆ ಸಿಕ್ಕಿದೆ. ಪಟ್ಟಿ ಕಟ್ಟೋಕೆ ಜಾಗ ಹುಡುಕಬೇಕಿಲ್ಲ. ಕೇಬಲ್ ಸುತ್ತೋಕೆ ಮುಚ್ಚಿದ ಉಂಗುರದಂಥ ಪೈಪ್ ಸಿಗುತ್ತದೆ, ಕಳ್ಳತನದ ಲೆಕ್ಕದಲ್ಲೂ ಇದೇ ಮುಖ್ಯ. ಕೊಳ್ಳುವಾಗ ಒಂದು ಭಾಗ ಮಾತ್ರ ತಪ್ಪದೆ ನೋಡಿ. ಎಡ ಬಲ ಎರಡನ್ನೂ ನಂಬರ್ ಪ್ಲೇಟಿನ ಹಿಂದೆ ಜೋಡಿಸುವ ಅಡ್ಡಪಟ್ಟಿ ಇದೆಯಾ? ಅದಿಲ್ಲದ ಫ್ರೇಮ್ ತೂಕ ಬಿದ್ದಾಗ ಒಳಕ್ಕೆ ಬಾಗುತ್ತದೆ, ಬೈಕ್ ಒಂದು ಬದಿಗೆ ಬಿದ್ದರಂತೂ ನೇರ ಚಕ್ರಕ್ಕೆ ತಾಗುತ್ತದೆ.

ಫ್ರೇಮ್ ಎಷ್ಟೇ ಗಟ್ಟಿಯಿದ್ದರೂ ಅದನ್ನು ಹಿಡಿದಿರುವುದು ನಾಲ್ಕಾರು ಬೋಲ್ಟು. ಬೈಕಿನ ನಡುಕಕ್ಕೆ ಬೋಲ್ಟು ಸಡಿಲಾಗುವುದು ಮಾಮೂಲು. ನೈಲಾನ್ ಉಂಗುರ ಇರುವ ನೈಲಾಕ್ ನಟ್ಟು ಹಾಕಬೇಕು, ಇಲ್ಲವಾದರೆ ಲಾಕ್‌ಟೈಟ್ 243 ತರಹದ ನೀಲಿ ಅಂಟು ಒಂದು ಹನಿ. ಕೆಂಪು ಅಂಟು ಬೇಡ, ಆಮೇಲೆ ಕಾಯಿಸದೆ ಬಿಚ್ಚೋಕೆ ಆಗಲ್ಲ. ಬಿಗಿಯುವುದು ಎಷ್ಟು ಅಂದರೆ, ಎಂ6 ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್, ಎಂ8 ಬೋಲ್ಟಿಗೆ 25ರ ಆಸುಪಾಸು ಅನ್ನುವುದು ಸಾಮಾನ್ಯ ಲೆಕ್ಕ. ನಿಮ್ಮ ಫ್ರೇಮಿನ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಒಂದು ಗೆರೆ ಪೇಂಟ್ ಎಳೆದುಬಿಡಿ. ಗೆರೆ ತುಂಡಾಗಿ ಕಂಡರೆ ಬೋಲ್ಟು ತಿರುಗಿದೆ ಅಂತ ಅರ್ಥ, ಸ್ಪ್ಯಾನರ್ ಹಿಡಿಯದೆ ಕಣ್ಣಲ್ಲೇ ಗೊತ್ತಾಗುತ್ತದೆ. ಮೆಕ್ಯಾನಿಕ್‌ಗಳು ಮಾಡುವ ಈ ಸಣ್ಣ ಕೆಲಸ ಯಾಕೆ ಎಲ್ಲ ಸವಾರರೂ ಮಾಡಲ್ಲವೋ ಗೊತ್ತಿಲ್ಲ.

ಇದೇ ಬೋಲ್ಟುಗಳು ಕಳ್ಳನಿಗೂ ದಾರಿ. ಅಲೆನ್ ಕೀ ಇದ್ದವನಿಗೆ ಬ್ಯಾಗ್ ಬಿಚ್ಚುವುದಕ್ಕಿಂತ ಫ್ರೇಮ್ ಸಮೇತ ಬಿಚ್ಚುವುದೇ ಸುಲಭ ಅನಿಸಬಹುದು. ಸುಲಭವಾಗಿ ಕೈಗೆಟಕುವ ಒಂದೆರಡು ಬೋಲ್ಟನ್ನು, ನಕ್ಷತ್ರದ ಆಕಾರದ ಗುಳಿಯ ಮಧ್ಯದಲ್ಲಿ ಕಡ್ಡಿ ಇರುವ ಟಾರ್ಕ್ಸ್ ತಲೆಯ ಬೋಲ್ಟಿಗೆ ಬದಲಿಸಿ. ಇನ್ನೊಂದು ಅಗ್ಗದ ಉಪಾಯವೂ ಇದೆ. ಅಲೆನ್ ಬೋಲ್ಟಿನ ಗುಳಿಯೊಳಗೆ ಸರಿಹೊಂದುವ ಸಣ್ಣ ಉಕ್ಕಿನ ಗುಂಡು ಕೂರಿಸಿ ಮೇಲೆ ಸಿಲಿಕಾನ್ ತುಂಬುವುದು. ನಿಮಗೆ ಬೇಕಾದಾಗ ಸೂಜಿಯಿಂದ ಕೆದಕಿ ತೆಗೆಯಬಹುದು, ಅವಸರದಲ್ಲಿರುವ ಕಳ್ಳನಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಸೈಲೆನ್ಸರ್ ಬಿಸಿಯ ಬಗ್ಗೆ ಒಂದು ಮಾತು. ಬ್ಯಾಗ್ ಕಳಚುವುದಕ್ಕೆ ಪಟ್ಟಿ ಕರಗುವುದೂ ಒಂದು ಕಾರಣ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ನೈಲಾನ್ 6 ಸುಮಾರು 220ಕ್ಕೆ, ಪಾಲಿಯೆಸ್ಟರ್ ಇನ್ನೂ ಸ್ವಲ್ಪ ಮೇಲೆ. ಕರಗುವ ಮಟ್ಟ ಮುಟ್ಟುವ ಮುಂಚೆಯೇ ನೂಲು ಬಲ ಕಳೆದುಕೊಂಡಿರುತ್ತದೆ. ಎಂಜಿನ್ನಿಗೆ ಹತ್ತಿರದ ಪೈಪ್ ಈ ಲೆಕ್ಕವನ್ನೆಲ್ಲ ಸುಲಭವಾಗಿ ದಾಟುತ್ತದೆ. ಹಾಗಾಗಿ ನಿಂತ ಬೈಕಿನಲ್ಲಿ ಅಂತರ ಇದೆ ಅಂತ ಸುಮ್ಮನಾಗಬೇಡಿ. ಬ್ಯಾಗ್ ತುಂಬಿಸಿ, ಹಿಂದೆ ಒಬ್ಬರನ್ನು ಕೂರಿಸಿ, ಬ್ಯಾಗನ್ನು ಕೆಳಕ್ಕೂ ಒಳಕ್ಕೂ ಒತ್ತಿ ನೋಡಿ. ಆಗಲೂ ಕೈ ತೂರುವಷ್ಟು ಜಾಗ ಉಳಿಯಬೇಕು. ಉಳಿಯದಿದ್ದರೆ ಲೋಹದ ಹೀಟ್ ಶೀಲ್ಡ್ ಹಾಕಿಸಿ. ಬ್ಯಾಗಿನ ಜೊತೆ ಕೊಡುವ ಬೆಳ್ಳಿ ಬಣ್ಣದ ಬಟ್ಟೆಯನ್ನೇ ನಂಬಿ ಸೈಲೆನ್ಸರಿಗೆ ಒರಗಿಸುವುದನ್ನು ನಾನು ಒಪ್ಪುವುದಿಲ್ಲ.

ಎಲ್ಲ ಕಟ್ಟಿ ಆದ ಮೇಲೆ ಒಂದು ಪರೀಕ್ಷೆ ಮಾಡುತ್ತೇನೆ. ಬ್ಯಾಗನ್ನೇ ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸುವುದು. ಬೈಕ್ ಅಲ್ಲಾಡಬೇಕು, ಬ್ಯಾಗ್ ಮಾತ್ರ ಅಲ್ಲಾಡಿದರೆ ಎಲ್ಲೋ ಸಡಿಲ ಇದೆ. ಹೊರಟ ಮೇಲೆ ಸ್ವಲ್ಪ ದೂರಕ್ಕೇ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಲೇಬೇಕು. ಒಳಗಿನ ಬಟ್ಟೆಬರೆ ಕುದುರಿ ಕೆಳಗೆ ಇಳಿದಿರುತ್ತವೆ, ಬೆಳಿಗ್ಗೆ ಬಿಗಿ ಅನಿಸಿದ್ದು ಆಗ ಸಡಿಲವಾಗಿರುತ್ತದೆ. ಭಾರದ ಸಾಮಾನು ತಳದಲ್ಲಿ, ಆದಷ್ಟು ಮುಂದಕ್ಕೆ. ಎರಡೂ ಕಡೆ ತೂಕ ಸಮ ಇರಲಿ. ಒಂದು ಕಡೆ ಜಾಸ್ತಿಯಾದರೆ ಅದು ಇನ್ನೊಂದನ್ನು ಸೀಟಿನ ಮೇಲಕ್ಕೆ ಎಳೆಯುತ್ತದೆ, ಎಷ್ಟು ಬಿಗಿದರೂ ನಿಲ್ಲಲ್ಲ.

ಇನ್ನು ಕಳ್ಳತನ. ಇಲ್ಲಿ ಯಾವ ಥರದ ಕಳ್ಳ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹೋಗುತ್ತಾ ಹೋಗುತ್ತಾ ಜಿಪ್ಪಿನೊಳಗೆ ಕೈ ಹಾಕುವವನು ಒಬ್ಬ. ಬಕಲ್ ಬಿಚ್ಚಿ ಇಡೀ ಬ್ಯಾಗ್ ಎತ್ತಿಕೊಂಡು ಹೋಗುವವನು ಇನ್ನೊಬ್ಬ. ಕಟರ್ ತಂದವನು ಮೂರನೆಯವನು. ಬಟ್ಟೆಯ ಬ್ಯಾಗಿಗೆ ಹಾಕುವ ಯಾವ ಲಾಕೂ ಮೂರನೆಯವನನ್ನು ನಿಲ್ಲಿಸುವುದಿಲ್ಲ. ಮೊದಲ ಇಬ್ಬರನ್ನು ಚೆನ್ನಾಗಿಯೇ ನಿಲ್ಲಿಸಬಹುದು, ಹಾಗಾಗಿ ಲಾಕ್ ದಂಡ ಅನ್ನುವವರ ಮಾತು ಕೇಳಬೇಡಿ. ಬ್ಯಾಗಿನ ಲೇಬಲ್ಲಿನಲ್ಲಿ 1000 ಡೆನಿಯರ್ ಅಂತೆಲ್ಲ ಬರೆದಿರುತ್ತಾರಲ್ಲ, ಡೆನಿಯರ್ ಅಂದರೆ 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ನೂಲು ದಪ್ಪ ಇದ್ದಷ್ಟೂ ನೆಲಕ್ಕೆ ಉಜ್ಜಿದಾಗ ತಡೆಯುತ್ತದೆ. ಹರಿತವಾದ ಚಾಕುವಿಗೆ ಅದೂ ಬಟ್ಟೆಯೇ.

ಜಿಪ್ಪಿಗೆ ಸಣ್ಣ ಬೀಗ ಹಾಕುವುದರ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಿಲ್ಲ. ಸುರುಳಿ ಹಲ್ಲಿನ ನೈಲಾನ್ ಜಿಪ್ಪನ್ನು ಬಾಲ್ ಪೆನ್ನಿನ ಮೊನೆ ಚುಚ್ಚಿ ಬಿಡಿಸಬಹುದು, ಬೀಗ ಮುಟ್ಟುವುದೇ ಬೇಡ. ಬೀಗ ಹಾಕಿದ ಎರಡೂ ಎಳೆಗಳನ್ನು, ಅಂದರೆ ಜಿಪ್ ಎಳೆಯುವ ಹಿಡಿಗಳನ್ನು, ಜೊತೆಯಾಗಿ ಜಿಪ್ಪಿನ ಉದ್ದಕ್ಕೂ ಒಮ್ಮೆ ಆಚೆ ಈಚೆ ಓಡಿಸಿದರೆ ಜಿಪ್ ಮತ್ತೆ ಮುಚ್ಚಿಕೊಳ್ಳುತ್ತದೆ. ನೀವು ವಾಪಸ್ ಬಂದಾಗ ಏನೂ ಆಗಿಲ್ಲ ಅನ್ನುವ ಹಾಗೇ ಕಾಣುತ್ತದೆ. ಎಳೆಗಳನ್ನು ಬ್ಯಾಗಿನ ಒಂದು ಕೊನೆಯ ಕುಣಿಕೆಗೆ ಸೇರಿಸಿ ಬೀಗ ಹಾಕಿದರೆ ಕೊನೇಪಕ್ಷ ಮತ್ತೆ ಮುಚ್ಚೋಕೆ ಆಗಲ್ಲ, ಕಳುವಾದದ್ದು ಆಗಲೇ ಗೊತ್ತಾಗುತ್ತದೆ. ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ ರೋಲ್ ಟಾಪ್ ಬ್ಯಾಗಿನಲ್ಲಿ ಜಿಪ್ಪೇ ಇಲ್ಲ. ಸುತ್ತಿದ ಬಾಯಿಯ ಮೇಲೆ ಲಾಕ್ ಪಟ್ಟಿಯೊಂದು ಅಡ್ಡ ಬಂದರೆ ಬಿಚ್ಚುವುದು ಕಷ್ಟ. ಮಳೆಗೂ ಅದೇ ಮೇಲು. ಇವತ್ತು ಹೊಸದು ಕೊಳ್ಳುವುದಾದರೆ ನಾನು ಜಿಪ್ಪಿನದ್ದನ್ನು ಮುಟ್ಟುವುದಿಲ್ಲ.

ಉಕ್ಕಿನ ಕೇಬಲ್ ಲಾಕ್ ಎಲ್ಲರೂ ಮೊದಲು ಕೊಳ್ಳುವ ವಸ್ತು. ಮೇಲೆ ವಿನೈಲ್ ಹೊದಿಕೆ, ಒಳಗೆ ಮೂರರಿಂದ ಐದು ಮಿಲಿಮೀಟರ್ ಹೆಣೆದ ತಂತಿ. ಸುತ್ತಿ ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಹೆಲ್ಮೆಟ್ಟನ್ನೂ ಜಾಕೆಟ್ಟನ್ನೂ ಅದರಲ್ಲೇ ಸೇರಿಸಬಹುದು. ಇಷ್ಟವಾಯಿತು. ಆದರೆ ಇದನ್ನು ಎಲ್ಲಿಂದ ಎಲ್ಲಿಗೆ ಹಾಕುತ್ತೀರಿ ಅನ್ನುವುದು ಕೇಬಲ್ಲಿನ ದಪ್ಪಕ್ಕಿಂತ ಮುಖ್ಯ. ಬ್ಯಾಗಿನ ಡಿ ಆಕಾರದ ಉಂಗುರಕ್ಕೆ ತೂರಿಸಿ ಬೀಗ ಹಾಕಿರುವುದನ್ನು ತುಂಬಾ ಕಡೆ ನೋಡುತ್ತೇನೆ. ಆ ಉಂಗುರವನ್ನು ಹಿಡಿದಿರುವುದು ನಾಲ್ಕು ಸಾಲು ಹೊಲಿಗೆ ಅಷ್ಟೆ. ಬ್ಲೇಡು ತಾಗಿಸಿದರೆ ಉಂಗುರ ಕೇಬಲ್ಲಿನಲ್ಲೇ ಉಳಿಯುತ್ತದೆ, ಬ್ಯಾಗ್ ಹೋಗುತ್ತದೆ. ಕೇಬಲ್ ಬ್ಯಾಗಿನ ಮೈಯನ್ನೇ ಸುತ್ತಿ, ಬಾಯಿ ತೆರೆಯದ ಹಾಗೆ ಅಡ್ಡ ಹಾದು, ಫ್ರೇಮಿನ ಮುಚ್ಚಿದ ಪೈಪಿನೊಳಗಿಂದ ಬರಬೇಕು. ಎರಡೂ ಬ್ಯಾಗಿಗೆ ಸೇರಿಸಿ ಒಂದೇ ಉದ್ದದ ಕೇಬಲ್ ಹಾಕಿದರೆ ಇನ್ನೂ ಒಳ್ಳೆಯದು, ಒಂದನ್ನು ಬಿಡಿಸಿದರೂ ಎರಡೂ ಸೇರಿ ಎಳೆದುಕೊಂಡು ಹೋಗೋಕೆ ಕಷ್ಟ.

ಬೀಗ ನೆಲಕ್ಕೆ ತಾಗುವ ಹಾಗೆ ಇಳಿಬಿಡಬೇಡಿ. ಕೆಳಗೆ ಗಟ್ಟಿ ನೆಲ ಇದ್ದರೆ ಸುತ್ತಿಗೆಯ ಏಟಿಗೆ ಬೇಗ ಒಡೆಯುತ್ತದೆ, ಗಾಳಿಯಲ್ಲಿ ತೂಗುವ ಬೀಗಕ್ಕೆ ಏಟು ಅಷ್ಟು ಬೀಳುವುದಿಲ್ಲ. ಮೂರು ಅಂಕಿಯ ಸಂಖ್ಯೆ ಬೀಗದಲ್ಲಿ ಇರುವುದು ಒಟ್ಟು 1000 ಜೋಡಣೆ. ಅಗ್ಗದ್ದರಲ್ಲಿ ಚಕ್ರ ತಿರುಗಿಸುವಾಗ ಸರಿಯಾದ ಅಂಕಿಗೆ ಬೆರಳಿಗೇ ಸಡಿಲ ಗೊತ್ತಾಗುತ್ತದೆ. ಹಾಗಾಗಿ ಸ್ವಲ್ಪ ಹೊತ್ತಿಗೆ ಮಾತ್ರ ಅದು ಸರಿ, ರಾತ್ರಿ ನಿಲ್ಲಿಸುವುದಕ್ಕೆ ಕೀಲಿ ಬೀಗವೇ ಬೇಕು. ಕೀಲಿ ಬೀಗದ ಶತ್ರು ಅಂದರೆ ಮಳೆ ಮತ್ತು ಧೂಳು. ಎಣ್ಣೆ ಹಾಕಿದರೆ ಧೂಳು ಅಂಟಿ ಇನ್ನೂ ಗಟ್ಟಿಯಾಗುತ್ತದೆ, ಗ್ರಾಫೈಟ್ ಪುಡಿ ಅಥವಾ ಒಣಗುವ ಟೆಫ್ಲಾನ್ ಸ್ಪ್ರೇ ಹಾಕಿ. ಕೀಲಿ ತೂತಿಗೆ ಮುಚ್ಚಳ ಇರುವುದನ್ನೇ ಆರಿಸಿ.

ಉಕ್ಕಿನ ಬಲೆ ಬೇರೆಯದೇ ಯೋಚನೆ. ಪ್ಯಾಕ್‌ಸೇಫ್ ಕಂಪನಿ ಮಾಡುವ ಸ್ಟೇನ್‌ಲೆಸ್ ತಂತಿಯ ಬಲೆ ನೀವೂ ನೋಡಿರಬಹುದು, ಬೆನ್ನಿಗೆ ಹಾಕುವ ಚೀಲಕ್ಕೆ ಅಂತ ಮಾಡಿದ್ದು. ಇಡೀ ಬ್ಯಾಗ್ ಬಲೆಯೊಳಗೆ ಹೋಗುತ್ತದೆ, ಬಾಯಿಯ ಕೇಬಲ್ ಬಿಗಿದು ಫ್ರೇಮಿಗೆ ಬೀಗ ಹಾಕುವುದು. ಬ್ಯಾಗ್ ಎತ್ತಿಕೊಂಡು ಹೋಗುವುದಂತೂ ಸಾಧ್ಯವಿಲ್ಲ. ದೂರದಿಂದಲೇ ಕಾಣುತ್ತದೆ, ಪಕ್ಕದಲ್ಲಿ ಬಲೆ ಇಲ್ಲದ ಇನ್ನೊಂದು ಬೈಕಿದ್ದರೆ ಕಣ್ಣು ಅತ್ತ ಹೋಗುವುದು ಸಹಜ. ಆದರೆ ಬಲೆಯ ಕಣ್ಣುಗಳು ದೊಡ್ಡವು. ಬೆರಳು ತೂರುತ್ತದೆ, ಚಾಕು ತೂರುತ್ತದೆ, ಒಳಗಿನ ಬಟ್ಟೆ ಸೀಳಿ ಸಣ್ಣ ಸಾಮಾನು ಎಳೆಯಬಹುದು. ಇದಕ್ಕಿಂತ ದೊಡ್ಡ ತೊಂದರೆ ಹಾಕಿ ತೆಗೆಯುವುದು. ಬಲೆ ಬಕಲ್ಲುಗಳಿಗೆ ಸಿಕ್ಕಿಕೊಳ್ಳುತ್ತದೆ, ಮಳೆಯಲ್ಲಿ ನಿಂತು ಬಿಡಿಸುವುದು ತಾಳ್ಮೆಯ ಕೆಲಸ. ಹಾಕಿಕೊಂಡೇ ಓಡಿಸಿದರೆ ಬ್ಯಾಗಿನ ಬಟ್ಟೆಯನ್ನೂ ಬೈಕಿನ ಬಣ್ಣವನ್ನೂ ಉಜ್ಜಿ ಹಾಕುತ್ತದೆ. ರಾತ್ರಿಯಿಡೀ ಬಯಲಿನಲ್ಲಿ ನಿಲ್ಲಿಸುವವರಿಗೆ ಕೊಳ್ಳಿ ಅನ್ನುತ್ತೇನೆ, ದಾರಿಯಲ್ಲಿ ಆಗಾಗ ನಿಲ್ಲಿಸುವವರಿಗೆ ಬೇಡ.

ಕಳ್ಳತನ ತಡೆಯುವ ಸಾಮಾನುಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಳಗೆ ಉಕ್ಕಿನ ತಂತಿ ಹೆಣೆದ ಲಾಕ್ ಪಟ್ಟಿ. ನೋಡೋಕೆ ಮಾಮೂಲಿ ಅಗಲ ಪಟ್ಟಿ, ಮೈಯೊಳಗೆ ಉದ್ದಕ್ಕೂ ತಂತಿ, ಕ್ಯಾಮ್ ಬಕಲ್ಲಿಗೇ ಕೀಲಿ. ಬ್ಯಾಗನ್ನು ಬಿಗಿದು ಹಿಡಿಯುತ್ತದೆ, ಬಿಗಿದ ಮೇಲೆ ಬೀಗ. ಬ್ಲೇಡಿಗೆ ಮೇಲಿನ ಬಟ್ಟೆ ಸೀಳಬಹುದು, ತಂತಿ ಬಗ್ಗಲ್ಲ. ಮೊದಲೇ ಅನುಮಾನ ಪಡಿ ಅಂದೆನಲ್ಲ, ಇದನ್ನೂ ಅನುಮಾನದಿಂದಲೇ ಕೊಂಡಿದ್ದು. ಕಳ್ಳತನದ ಕೆಲಸ ಚೆನ್ನಾಗಿ ಮಾಡುತ್ತದೆ, ಬಿಗಿಯುವ ಕೆಲಸವನ್ನು ಇದೊಂದಕ್ಕೇ ಬಿಡಬೇಡಿ. ತಂತಿ ಇರುವುದರಿಂದ ಮಡಚುವುದು ಕಷ್ಟ, ಮೂಲೆಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ಮಿಕ್ಕ ತುದಿ ಕಡ್ಡಿಯ ಹಾಗೆ ಹೊರಗೆ ನಿಲ್ಲುತ್ತದೆ. ಮಾಮೂಲಿ ಪಟ್ಟಿಗಳಿಂದ ಬ್ಯಾಗ್ ನಿಲ್ಲಿಸಿ, ಮೇಲೆ ಇದನ್ನು ಹಾಕಿದರೆ ಓಡುವಾಗಲೂ ಇರುತ್ತದೆ, ನಿಲ್ಲಿಸಿದಾಗ ಬೀಗ ಒತ್ತಿದರೆ ಆಯಿತು. ಪ್ರತಿ ಸಲ ಹೊಸದಾಗಿ ಕಟ್ಟಬೇಕಾದ ಲಾಕನ್ನು ಜನ ನಾಲ್ಕು ದಿನ ಹಾಕಿ ಬಿಟ್ಟುಬಿಡುತ್ತಾರೆ. ಇದಕ್ಕೆ ಆ ಸಮಸ್ಯೆ ಇಲ್ಲ.

ಹಾಗಿದ್ದರೆ ಗಟ್ಟಿ ಪೆಟ್ಟಿಗೆಯೇ ಹಾಕಿಸಿಬಿಡಬಹುದಲ್ವಾ ಅಂತ ಕೇಳುವವರಿದ್ದಾರೆ. ಕಳ್ಳತನ ಒಂದನ್ನೇ ನೋಡಿದರೆ ಹೌದು. ಮುಚ್ಚಳಕ್ಕೂ ಬೀಗ, ಫ್ರೇಮಿಗೆ ಕೂರುವ ಕೊಂಡಿಗೂ ಬೀಗ, ಎಲ್ಲಕ್ಕೂ ಒಂದೇ ಕೀಲಿ ಮಾಡಿಸಿಕೊಳ್ಳಬಹುದು. ಹಾರ್ಲೆ ಡೇವಿಡ್ಸನ್ ಟೂರಿಂಗ್ ಬೈಕುಗಳ ಪೆಟ್ಟಿಗೆ ಹಿಡಿದಿರುವ ತಿರುಗುಣಿ ಕೊಂಡಿಗಳು ಪೆಟ್ಟಿಗೆಯ ಒಳಗೇ ಇರುತ್ತವೆ. ಮುಚ್ಚಳಕ್ಕೆ ಬೀಗ ಬಿದ್ದರೆ ಕೊಂಡಿ ಮುಟ್ಟೋಕೆ ಆಗಲ್ಲ, ಬಹಳ ಜಾಣತನದ ಜೋಡಣೆ. ಆದರೆ ಕಾಲು ಭಾಗ ತಿರುಗಿಸಿದರೆ ಬಿಚ್ಚುವ ಕೊಂಡಿ ಅದು, ಪೂರ್ತಿ ಕೂತಿಲ್ಲದಿದ್ದರೂ ಕೂತ ಹಾಗೆ ಕಾಣಬಹುದು, ಸುತ್ತಲಿನ ರಬ್ಬರ್ ಸವೆದರೆ ಹಿಡಿತವೂ ಸಡಿಲು. ಒಳಗಿನಿಂದ ಫ್ರೇಮಿಗೆ ಒಂದು ಸಣ್ಣ ತಂತಿ ಕಟ್ಟಿಕೊಳ್ಳುವ ಸವಾರರು ಇರುವುದು ಇದಕ್ಕೇ. ಗಿವಿ ಕಂಪನಿಯ ಪಕ್ಕದ ಪೆಟ್ಟಿಗೆಗಳ ಮೇಲೆ ಸಾಮಾನ್ಯವಾಗಿ 10 ಕಿಲೋ ತೂಕ, ಗಂಟೆಗೆ 120 ಕಿಲೋಮೀಟರ್ ವೇಗ ಅಂತ ಮಿತಿ ಬರೆದಿರುತ್ತದೆ. ಪೆಟ್ಟಿಗೆ ದೊಡ್ಡದು ಅಂತ ತುಂಬಿಸುತ್ತಾ ಹೋದರೆ 10 ಕಿಲೋ ದಾಟುವುದು ಗೊತ್ತೇ ಆಗಲ್ಲ. ನಾನು ಇನ್ನೂ ಬಟ್ಟೆ ಬ್ಯಾಗಿನಲ್ಲೇ ಇರುವುದಕ್ಕೆ ಕಾರಣ ಬೇರೆ. ಮಣ್ಣು ದಾರಿಯಲ್ಲಿ ಬೈಕ್ ಬಿದ್ದರೆ ಗಟ್ಟಿ ಪೆಟ್ಟಿಗೆಯ ಕೆಳಗೆ ಕಾಲು ಸಿಕ್ಕಿ ಮುರಿಯುವ ಅಪಾಯ ಜಾಸ್ತಿ. ಬಟ್ಟೆ ಬ್ಯಾಗ್ ಒತ್ತಿಕೊಳ್ಳುತ್ತದೆ. ಡಾಂಬರು ಬಿಟ್ಟು ಇಳಿಯದವರು ಪೆಟ್ಟಿಗೆ ಹಾಕಿಸಿಕೊಳ್ಳಲಿ, ಖಂಡಿತ ಒಳ್ಳೆಯದು.

ಟ್ರ್ಯಾಕರ್ ಬಗ್ಗೆ ಕೇಳುವವರು ತುಂಬಾ ಜನ. ಆಪಲ್ ಏರ್‌ಟ್ಯಾಗ್ 2021ರಲ್ಲಿ ಬಂದ ಮೇಲೆ ಬ್ಯಾಗಿನ ಒಳಪದರದಲ್ಲಿ ಹೊಲಿದು ಇಡುವುದು ಸಾಮಾನ್ಯವಾಗಿದೆ. ಸಿಆರ್2032 ಬ್ಯಾಟರಿ, ಹತ್ತಿರ ಹಾದುಹೋಗುವ ಐಫೋನುಗಳ ಮೂಲಕ ಜಾಗ ತಿಳಿಸುತ್ತದೆ. ಜನ ಓಡಾಡದ ಕಡೆ ಅದು ಮೌನ. ಒಡೆಯನಿಂದ ದೂರವಾಗಿ ಬೇರೆಯವರ ಜೊತೆ ಓಡಾಡುತ್ತಿದ್ದರೆ ಅವರ ಫೋನಿಗೂ ಎಚ್ಚರಿಕೆ ಹೋಗುತ್ತದೆ. ಯಾರನ್ನೂ ಗುಟ್ಟಾಗಿ ಹಿಂಬಾಲಿಸಬಾರದು ಅಂತ ಹಾಗೆ ಮಾಡಿದ್ದಾರೆ, ಸರಿಯೇ. ಆದರೆ ಕಳ್ಳನಿಗೂ ಗೊತ್ತಾಗುತ್ತದೆ ಅಂತ ನೆನಪಿಡಿ. ಜಾಗ ಗೊತ್ತಾದರೂ ನೀವೇ ಹುಡುಕಿಕೊಂಡು ಹೋಗಬೇಡಿ, ಪೊಲೀಸರಿಗೆ ತೋರಿಸಿ.

ಇಷ್ಟೆಲ್ಲ ಲಾಕಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಬ್ಯಾಗಿನೊಳಗಿನ ಇನ್ನೊಂದು ಚೀಲ. ಕೆಲವು ಬ್ಯಾಗುಗಳಲ್ಲಿ ಹೊರಗಿನ ಕವಚ ಬೈಕಿನ ಮೇಲೇ ಉಳಿಯುತ್ತದೆ, ಒಳಗಿನ ನೀರು ಹೋಗದ ಚೀಲವನ್ನು ಹಿಡಿ ಹಿಡಿದು ಎತ್ತಿಕೊಂಡು ಹೋಗಬಹುದು. ನನ್ನ ಪ್ರಕಾರ ಬ್ಯಾಗ್ ಆರಿಸುವಾಗ ಲೀಟರ್ ನೋಡುವ ಮುಂಚೆ ಇದನ್ನು ನೋಡಬೇಕು. ರಾತ್ರಿ ಸಾಮಾನೆಲ್ಲ ಕೋಣೆಗೆ, ಖಾಲಿ ಕವಚ ಬಾಯಿ ತೆರೆದುಕೊಂಡು ಹೊರಗೆ. ಒಳಗೆ ಏನೂ ಇಲ್ಲ ಅಂತ ಕಂಡರೆ ಬಟ್ಟೆ ಸೀಳುವ ಗೋಜಿಗೆ ಯಾರೂ ಹೋಗಲ್ಲ. ನಿಮ್ಮ ಬ್ಯಾಗಿಗೆ ಒಳಚೀಲ ಬಂದಿಲ್ಲದಿದ್ದರೆ ಆ ಅಳತೆಯ ಡ್ರೈ ಬ್ಯಾಗ್ ಪ್ರತ್ಯೇಕ ಕೊಂಡರೂ ನಡೆಯುತ್ತದೆ. ದಾಖಲೆ, ದುಡ್ಡು, ಕ್ಯಾಮೆರಾ, ದಿನದ ಔಷಧಿ ಇವು ಸ್ಯಾಡಲ್ ಬ್ಯಾಗಿಗೆ ಹೋಗಲೇಬಾರದು. ಟ್ಯಾಂಕ್ ಬ್ಯಾಗ್ ಅಥವಾ ಸೊಂಟದ ಚೀಲದಲ್ಲಿ ಇರಲಿ, ನೀವು ಇಳಿದರೆ ಅವೂ ಇಳಿಯುತ್ತವೆ.

ಬ್ಯಾಗ್ ಉಜ್ಜುವ ಜಾಗಕ್ಕೆ ಪಾರದರ್ಶಕ ಪೇಂಟ್ ಫಿಲ್ಮ್ ಮೊದಲ ದಿನವೇ ಅಂಟಿಸಿ. ಬ್ಯಾಗಿಗೂ ಬೈಕಿಗೂ ನಡುವೆ ಮರಳು ಸೇರಿದರೆ ಮರಳು ಕಾಗದದಲ್ಲಿ ತಿಕ್ಕಿದ ಹಾಗೇ ಬಣ್ಣ ಎದ್ದು ಬರುತ್ತದೆ. ಹೊಲಿಗೆ ಇರುವ ಜಾಗಗಳನ್ನು, ಅದರಲ್ಲೂ ಪಟ್ಟಿ ಬ್ಯಾಗಿಗೆ ಸೇರುವ ಮೂಲೆಯನ್ನು ಆಗಾಗ ಬೆರಳಲ್ಲಿ ಸವರಿ ನೋಡಿ. ಒಂದೆರಡು ಎಳೆ ಬಿಟ್ಟಿದ್ದರೆ ಚಪ್ಪಲಿ ಹೊಲಿಯುವವರೂ ದಪ್ಪ ಪಾಲಿಯೆಸ್ಟರ್ ದಾರದಲ್ಲಿ ಹೊಲಿದು ಕೊಡುತ್ತಾರೆ, ಇಡೀ ಪಟ್ಟಿ ಕಿತ್ತ ಮೇಲೆ ಅದು ಅಷ್ಟು ಸುಲಭವಲ್ಲ.

ಕೀಲಿಯ ವಿಚಾರ ಒಂದು ಉಳಿಯಿತು. ಸೀಟಿಗೆ ಬೈಕಿನ ಕೀಲಿ, ಕೇಬಲ್ಲಿಗೆ ಇನ್ನೊಂದು, ಎರಡು ಲಾಕ್ ಪಟ್ಟಿಗೆ ಎರಡು ಅಂತಾದರೆ ಗೊಂಚಲು ಆಗುತ್ತದೆ. ಕೊಳ್ಳುವಾಗಲೇ ಒಂದೇ ಕೀಲಿಗೆ ಹೊಂದುವ ಜೋಡಿ ಕೇಳಿ, ಮಾಡುವವರು ಕೊಡುತ್ತಾರೆ. ಎರಡನೇ ಪ್ರತಿಯನ್ನು ಬ್ಯಾಗಿನೊಳಗೆ ಇಡುವುದಲ್ಲ, ನಿಮ್ಮ ಜಾಕೆಟ್ಟಿನ ಒಳಜೇಬಿನಲ್ಲಿ ಇಡಿ. ಕೀಲಿಯ ಮೇಲೆ ಕೆತ್ತಿರುವ ಸಂಖ್ಯೆಯನ್ನು ಮನೆಯಲ್ಲಿ ಎಲ್ಲಾದರೂ ಬರೆದಿಡಿ. ಕೀಲಿ ಕಳೆದಾಗ ಎಷ್ಟೋ ಕಂಪನಿಗಳು ಆ ಸಂಖ್ಯೆಯ ಮೇಲೆಯೇ ಹೊಸದು ಮಾಡಿಕೊಡುತ್ತವೆ, ಸಂಖ್ಯೆ ಇಲ್ಲದಿದ್ದರೆ ನಿಮ್ಮದೇ ಲಾಕನ್ನು ನೀವೇ ಕತ್ತರಿಸಬೇಕಾಗುತ್ತದೆ.